ಜೀವನ್ ಪ್ರಮಾಣ್ ಆ್ಯಪ್: ಬೆರಳಚ್ಚಿನ ಗೋಳು ತಪ್ಪಿತು, ಫಾರಂ ಭರ್ತಿಯದ್ದು ಉಳಿಯಿತು

ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಲೈಫ್ ಸರ್ಟಿಫಿಕೇಟನ್ನು (ಬದುಕಿದ್ದೇವೆ ಎಂಬುದರ ಪ್ರಮಾಣಪತ್ರ) ಮನೆಯಿಂದಲೇ ಕಳಿಸುವ ಈ ಕೇಂದ್ರ ಸರ್ಕಾರಿ ಸೇವೆ ಶುರುವಾದದ್ದು 2014ರಲ್ಲಿ. ವಯಸ್ಸಾದವರ ಸವೆದ ಬೆರಳ ಗೆರೆಗಳನ್ನು ಬೆರಳಚ್ಚು ಯಂತ್ರ ಹಲವು ಸಲ ಗುರುತಿಸುತ್ತಿರಲಿಲ್ಲ. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆಯೇ ಇದು ನಿಜವಾಗಿ ಉಪಯೋಗಕ್ಕೆ ಬಂದದ್ದು.

ಫೋನಿಗೆ ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್. ಮೊದಲನೆಯದಕ್ಕೆ ಐಕಾನ್ ಕಾಣದೆ ಇನ್‌ಸ್ಟಾಲ್ ಆಗಿಲ್ಲವೆಂದು ಹಲವರು ಗಾಬರಿಯಾಗುತ್ತಾರೆ. ಅದು ಹಿನ್ನೆಲೆಯಲ್ಲೇ ಕೆಲಸ ಮಾಡುತ್ತದೆ. ಮೊದಲು 'ಆಪರೇಟರ್' ಆಗಿ ಮಗನೋ ಮಗಳೋ ತಮ್ಮ ಆಧಾರ್, ಒಟಿಪಿ, ಮುಖ ಕೊಟ್ಟು ನೋಂದಾಯಿಸಬಹುದು. ಆಮೇಲೆ ಹಿರಿಯರ ಸರದಿ. ಕನ್ನಡಕ ತೆಗೆಸಿ, ಬೆಳಕು ಬೆನ್ನಿಗಲ್ಲ, ಮುಖಕ್ಕೆ ಬೀಳುವಂತೆ ಕೂರಿಸಿ. ಕಣ್ಣು ಮಿಟುಕಿಸದಿದ್ದರೆ ಸ್ಕ್ಯಾನ್ ಮುಗಿಯುವುದಿಲ್ಲ.

ಹೆಚ್ಚಿನವರು ಎಡವುವುದು ಮಾತ್ರ ಮುಂದಿನ ಪುಟದಲ್ಲಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆಗಳನ್ನು ನೆನಪಿನಿಂದ ತುಂಬಬೇಡಿ, ಪಿಪಿಒ ಪ್ರತಿ ಮತ್ತು ಪಾಸ್‌ಬುಕ್ ಎದುರಿಟ್ಟುಕೊಳ್ಳಿ. ಪಿಂಚಣಿ ಮಂಜೂರು ಮಾಡಿದ ಇಲಾಖೆಯೇ ಬೇರೆ, ಹಣ ಹಾಕುವ ಸಂಸ್ಥೆಯೇ ಬೇರೆ. ಇವು ಅದಲುಬದಲಾದರೆ ಅರ್ಜಿ ತಿರಸ್ಕೃತ. ಎಸ್‌ಎಂಎಸ್‌ನಲ್ಲಿ ಪ್ರಮಾಣ್ ಐಡಿ, ಅಂದರೆ ಪತ್ರದ ಗುರುತು ಸಂಖ್ಯೆ, ಬಂದಾಕ್ಷಣ ನಿರಾಳರಾಗಬೇಡಿ. ಅದು ಪತ್ರ ತಯಾರಾದ ಸೂಚನೆ ಅಷ್ಟೇ, ಬ್ಯಾಂಕ್ ಒಪ್ಪಿದ ಸೂಚನೆಯಲ್ಲ. ಕೆಲವು ದಿನ ಬಿಟ್ಟು ಸ್ಥಿತಿ ನೋಡಲೇಬೇಕು. ಈ ಮಾತನ್ನು ಆ್ಯಪ್ ದೊಡ್ಡಕ್ಷರದಲ್ಲಿ ಹೇಳದಿರುವುದೇ ಅದರ ಅತಿ ದೊಡ್ಡ ಕೊರತೆ.

ಮರುಮದುವೆಯಾದವರಿಗೆ, ಮರುನೇಮಕಗೊಂಡವರಿಗೆ ಈ ದಾರಿಯಿಲ್ಲ, ಕಾಗದದ ಪತ್ರವೇ ಗತಿ. ಕೇಂದ್ರದ ಪಿಂಚಣಿದಾರರಿಗೆ ನವೆಂಬರ್ ತಿಂಗಳು, 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಅಂಚೆಯಣ್ಣನನ್ನು ಕರೆಸಬಹುದು.