ಮೊದಲ ಬಿಲ್ಲು ಶಿಕಾರಿ ಟ್ರಿಪ್: ಕೊಲೊರಾಡೊ ಎಲ್ಕಾ, ಅರಿಜೋನಾ ಮ್ಯೂಲ್ ಡಿಯರಾ?

ಟೆಕ್ಸಾಸಲ್ಲಿದ್ದು ಬಿಲ್ಲು ಹಿಡಿದೋರಿಗೆಲ್ಲ ಒಂದಲ್ಲ ಒಂದಿನ ಪಶ್ಚಿಮದ ಹುಚ್ಚು ಹಿಡಿದೇ ಹಿಡಿಯುತ್ತೆ. ಇಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜಮೀನು ಖಾಸಗಿಯವರದ್ದು, ದುಡ್ಡು ಕೊಟ್ಟು ಲೀಸ್ ತಗೊಂಡು ಬ್ಲೈಂಡಲ್ಲಿ (ಅಡಗಿ ಕೂರೋ ಗೂಡು) ಕೂತು ಫೀಡರಿಂದ ಜೋಳ ಉದುರೋದನ್ನೇ ಕಾಯ್ಬೇಕು, ಅದೂ ಶಿಕಾರಿನೇ, ಬೈಯಲ್ಲ, ಆದ್ರೆ ಮಲೆನಾಡಲ್ಲಿ ಗುಡ್ಡ ಹತ್ತಿ ಬೆಳೆದ ಕಾಲು ಎಷ್ಟು ಅಂತ ಸುಮ್ಮನೆ ಕೂರುತ್ತೆ. ನಮ್ಮೋರು ಬಂದೂಕು ಬಿಟ್ಟು ಬಿಲ್ಲಿಗೆ ಬರೋದಕ್ಕೆ ಇನ್ನೊಂದು ಕಾರಣನೂ ಇದೆ, ವೀಸಾ ಮೇಲಿರೋರಿಗೆ ಬಂದೂಕು ಅಂದ್ರೆ ಫೆಡರಲ್ ಕಾನೂನಿನ ತೊಡಕು, ಬಿಲ್ಲು ಆ ಕಾನೂನಿನ ಲೆಕ್ಕದಲ್ಲಿ ಫೈರ್‌ಆರ್ಮೇ ಅಲ್ಲ. ಊರಲ್ಲಂತೂ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕಥೆಯಲ್ಲಿ ಮಾತ್ರ.

ನಾನು ಎರಡನ್ನೂ ಮಾಡಿದೀನಿ, ಸೆಪ್ಟೆಂಬರಲ್ಲಿ ಕೊಲೊರಾಡೊದ ಫ್ಲಾಟ್ ಟಾಪ್ಸ್ ಕಡೆ ಎಲ್ಕ್ ಅನ್ನೋ ದೊಡ್ಡ ಕಡವೆ, ಜನವರಿಯಲ್ಲಿ ಅರಿಜೋನಾದ ದಕ್ಷಿಣದ ಮರುಭೂಮಿಯಲ್ಲಿ ಮ್ಯೂಲ್ ಡಿಯರ್ ಅನ್ನೋ ಜಿಂಕೆ. ಡಲ್ಲಾಸಿಂದ ಎರಡಕ್ಕೂ ಹೆಚ್ಚುಕಮ್ಮಿ ಇಡೀ ದಿನದ ಡ್ರೈವ್, ಅದರಲ್ಲಿ ಗೆದ್ದೋರು ಸೋತೋರು ಇಲ್ಲ. ಉಳಿದಿದ್ದೆಲ್ಲದರಲ್ಲೂ ಇದಾರೆ.

ಮೊದಲು ಟ್ಯಾಗು, ಅಂದ್ರೆ ಒಂದು ಪ್ರಾಣಿ ಹೊಡೆಯೋಕೆ ಪರವಾನಗಿ, ಯಾಕಂದ್ರೆ ಅದಿಲ್ದೇ ಉಳಿದಿದ್ದೆಲ್ಲ ಬರೀ ಹರಟೆ. ನಾನು ಹೋಗೋ ಕಾಲಕ್ಕೆ ಕೊಲೊರಾಡೊದಲ್ಲಿ ಹೊರರಾಜ್ಯದವರೂ ಅಂಗಡಿಗೆ ಹೋಗಿ ಕಾರ್ಡ್ ಉಜ್ಜಿ ಆರ್ಚರಿ ಎಲ್ಕ್ ಟ್ಯಾಗ್ ತಗೋಬಹುದಿತ್ತು, 2025ರಿಂದ ಆ ಆಟ ಮುಗೀತು, ಐ-25 ಹೆದ್ದಾರಿಯ ಪಶ್ಚಿಮಕ್ಕೆ ಹೊರಗಿನವರಿಗೆ ಈಗ ಡ್ರಾ (ಲಾಟರಿ) ಮೂಲಕ ಮಾತ್ರ, ಅರ್ಜಿ ಏಪ್ರಿಲ್ ಶುರುವಲ್ಲೇ ಮುಗಿದುಹೋಗುತ್ತೆ. ಟ್ಯಾಗ್ ಒಂದಕ್ಕೇ 800 ಡಾಲರ್ ದಾಟುತ್ತೆ, ಅದಕ್ಕೂ ಮುಂಚೆ ಬೇರೆ ಒಂದು ಲೈಸೆನ್ಸ್ ಕೈಯಲ್ಲಿರಬೇಕು, ಜೊತೆಗೆ 1949ರಿಂದ ಈಚೆ ಹುಟ್ಟಿದೋರೆಲ್ಲ ಹಂಟರ್ ಎಜುಕೇಷನ್ ಕಾರ್ಡ್ ತೋರಿಸ್ಬೇಕು, ಟೆಕ್ಸಾಸಿನ ಕಾರ್ಡ್ ನಡೆಯುತ್ತೆ. ಅರಿಜೋನಾದಲ್ಲಿ ಲೈಸೆನ್ಸ್ 160, ಆರ್ಚರಿ ಡಿಯರ್ ಟ್ಯಾಗ್ 300, ಡ್ರಾ ಇಲ್ಲ, ಪಾಯಿಂಟ್ (ಡ್ರಾದಲ್ಲಿ ಸಿಗದೋರಿಗೆ ಮುಂದಿನ ಸಲಕ್ಕೆ ಸೇರೋ ಅಂಕ) ಇಲ್ಲ, ಆದ್ರೆ ಹೊರಗಿನವರಿಗೆ ಇಷ್ಟೇ ಅಂತ ಮಿತಿ ಹಾಕಿದಾರೆ, ಆನ್‌ಲೈನಲ್ಲಿ ಮೊದಲು ಬಂದೋರಿಗೆ ಮೊದಲು. ತತ್ಕಾಲ್ ಟಿಕೆಟ್ ಬುಕ್ ಮಾಡಿ ಅಭ್ಯಾಸ ಇರೋರಿಗೆ ಹೇಳ್ಕೊಡೋದು ಬೇಕಾಗಿಲ್ಲ. ಆ ಟ್ಯಾಗು ಕ್ಯಾಲೆಂಡರ್ ವರ್ಷಪೂರ್ತಿ ನಡೆಯುತ್ತೆ, ಜನವರಿಯಲ್ಲಿ ಖಾಲಿ ಕೈಯಲ್ಲಿ ಬಂದ್ರೆ ಆಗಸ್ಟಲ್ಲಿ ಮತ್ತೆ ಹೋಗಬಹುದು. ಒಂದು ಕೊಕ್ಕೆ ಮಾತ್ರ ಇದೆ, ಶಿಕಾರಿ ಜಾಗನ ಯೂನಿಟ್ ಅಂತ ಭಾಗ ಮಾಡಿರ್ತಾರೆ, ಯೂನಿಟ್‌ಗೆ ಇಷ್ಟು ಜಿಂಕೆ ಅಂತ ಲೆಕ್ಕ ಇಟ್ಟಿರ್ತಾರೆ, ಅದು ತುಂಬಿದ್ರೆ ಬುಧವಾರ ಸೂರ್ಯ ಮುಳುಗಿದ ಕೂಡಲೇ ಆ ಯೂನಿಟ್ ಬಂದ್, ಹಾಗಾಗಿ ಹೊರಡೋ ಹಿಂದಿನ ರಾತ್ರಿನೂ ಗೇಮ್ ಅಂಡ್ ಫಿಶ್ (ಅರಿಜೋನಾದ ಶಿಕಾರಿ ಇಲಾಖೆ) ಸೈಟ್ ನೋಡಿ, ಪಕ್ಕದ ಯೂನಿಟ್ಟಿನ ಮ್ಯಾಪೂ ಫೋನಲ್ಲಿ ಇಳಿಸ್ಕೊಂಡಿರಿ.

ಈಗ ಪ್ರಾಣಿ ವಿಷಯ. ಎಲ್ಕ್ ನಮ್ಮ ಕಡವೆ ಸಂಬಂಧಿಕನೇ, ಆದ್ರೆ ದೊಡ್ಡ ಗಂಡು 700 ಪೌಂಡ್ ಆಗುತ್ತೆ, ಸೆಪ್ಟೆಂಬರಲ್ಲಿ ಬೆದೆಗೆ ಬಂದಾಗ ಅದು ಕೂಗೋದನ್ನ ಮೊದಲ ಸಲ ಕೇಳಿದೋನು ಮುಂದಿನ ವರ್ಷದ ರಜೆ ಅಲ್ಲೇ ನಿಂತು ಬರೆದಿಡ್ತಾನೆ. ಸಿಳ್ಳೆ ಥರ ಶುರುವಾಗಿ ಕೊನೆಗೆ ಹೊಟ್ಟೆಯೊಳಗಿಂದ ಗುಟುರು ಹಾಕುತ್ತೆ, ಹತ್ತಿರ ಬಂದ್ರೆ ನಮ್ಮ ಎದೆಗೂಡೇ ಅದುರುತ್ತೆ. ಸಮಸ್ಯೆ ಏನಪ್ಪಾ ಅಂದ್ರೆ ಕೇಳಿಸುತ್ತೆ, ಕಾಣಿಸಲ್ಲ. ಸ್ಪ್ರೂಸ್ ಮರ ಒತ್ತೊತ್ತಾಗಿರೋ ಕಪ್ಪು ಕಾಡು, ಮೂವತ್ತು ಗಜದಲ್ಲಿ ಗಂಡು ಎಲ್ಕ್ ಕೊಂಬೆ ಮುರೀತಾ ಇದೆ, ಕೊಂಬಿನ ತುದಿ ಅಲ್ಲಾಡೋದು ಕಾಣುತ್ತೆ, ಮೈ ಕಾಣಲ್ಲ, ಬಿಲ್ಲು ಎಳೆದು ನಿಂತಿದೀನಿ, ತೋಳು ನಡುಗೋಕೆ ಶುರುವಾಗಿದೆ, ಅಷ್ಟರಲ್ಲಿ ಕತ್ತಿನ ಹಿಂದೆ ತಣ್ಣಗೆ ಗಾಳಿ ಸೋಕಿತು, ಅಷ್ಟೇ, ಕಲ್ಲು ಉರುಳಿದ ಸದ್ದು, ಮುಗೀತು. ಬೆಟ್ಟದಲ್ಲಿ ಗಾಳಿ ಬೆಳಿಗ್ಗೆ ಕೆಳಗಿಳಿಯುತ್ತೆ, ಬಿಸಿಲೇರಿದ ಮೇಲೆ ಮೇಲೇರುತ್ತೆ, ಮಧ್ಯದ ಹೊತ್ತಲ್ಲಿ ದಿಕ್ಕು ದೆಸೆ ಇಲ್ದೆ ಸುತ್ತುತ್ತೆ, ಇದು ಪುಸ್ತಕದಲ್ಲಿ ಓದಿದ್ರೂ ಕಾಡಲ್ಲಿ ಮೈಗೂಡೋಕೆ ಸಮಯ ಬೇಕು, ಒಂದು ವಾರದ ಟ್ರಿಪ್ಪಲ್ಲಿ ಆ ಸಮಯ ಎಲ್ಲಿರುತ್ತೆ ಹೇಳಿ.

ಮ್ಯೂಲ್ ಡಿಯರ್ ಉಲ್ಟಾ, ಕಾಣಿಸುತ್ತೆ, ಹತ್ತಿರ ಬಿಡಲ್ಲ. ಬೆಳಗಾಗೋ ಮುಂಚೆ ಒಂದು ದಿಣ್ಣೆ ಹತ್ತಿ ಕೂತು ಟ್ರೈಪಾಡ್ ಮೇಲೆ ಬೈನಾಕ್ಯುಲರ್ ಇಟ್ಟು ಎದುರು ಇಳಿಜಾರನ್ನ ಸಾಲು ಸಾಲಾಗಿ ಜಾಲಾಡೋದು, ಗ್ಲಾಸಿಂಗ್ ಅಂತಾರೆ, ಅದೇ ಅರ್ಧ ಶಿಕಾರಿ. ಕೈಯಲ್ಲಿ ಹಿಡಿದು ನೋಡೋದಕ್ಕೂ ಟ್ರೈಪಾಡ್ ಮೇಲಿಟ್ಟು ನೋಡೋದಕ್ಕೂ ಅಜಗಜಾಂತರ, ದುಡ್ಡು ಉಳಿಸ್ಬೇಕಂದ್ರೆ ಬೇರೆ ಎಲ್ಲಾದ್ರೂ ಉಳಿಸಿ. ಜನವರಿ ಅಂದ್ರೆ ಮರುಭೂಮಿ ಜಿಂಕೆಗೆ ಬೆದೆಗಾಲ, ಗಂಡು ಹೆಣ್ಣುಗಳ ಹಿಂದೆ ಹಗಲಲ್ಲೇ ಓಡಾಡ್ತಿರುತ್ತೆ, ಹಾಗಾಗಿ ದಿನಾ ಏನಾದ್ರೂ ಒಂದು ಕಣ್ಣಿಗೆ ಬಿದ್ದೇ ಬೀಳುತ್ತೆ, ಸ್ಟಾಕ್ ಮಾಡೋಕೆ, ಅಂದ್ರೆ ಸದ್ದಿಲ್ದೆ ಹತ್ತಿರ ಹೋಗೋಕೆ, ದಿನಾ ಅವಕಾಶ. ಕೆಡೋದು ಎಲ್ಲಂದ್ರೆ, ಗಂಡಿನ ಮೇಲೆ ಕಣ್ಣಿಟ್ಟು ತೆವಳ್ತಾ ಇರ್ತೀವಿ, ಪಾಲೊವರ್ದೆ ಮರದ ಬುಡದಲ್ಲಿ ಮಲಗಿರೋ ಹೆಣ್ಣು ನಮ್ಮನ್ನ ಆಗಲೇ ನೋಡಿರುತ್ತೆ, ಹೇಸರಗತ್ತೆಯದ್ದರಂಥ ಆ ಕಿವಿ ಎರಡೂ ನಮ್ಮ ಕಡೆಗೇ ತಿರುಗಿರ್ತವೆ. ಬೆಟ್ಟದಲ್ಲಿ ಕೊನೇ ನೂರು ಗಜ ಬೂಟ್ ಬಿಚ್ಚಿ ಸಾಕ್ಸಲ್ಲಿ ಹೋಗಿ ಅಂತಾರೆ, ಅರಿಜೋನಾದಲ್ಲಿ ಹಾಗೆ ಮಾಡಿದ್ರೆ ಚೋಯಾ ಕಳ್ಳಿ ಮುಳ್ಳು ಪಾದದ ತುಂಬಾ. ಬೂಟಿನ ಮೇಲೇ ದಪ್ಪ ಉಲ್ಲನ್ ಸಾಕ್ಸ್ ಎಳ್ಕೊಳ್ಳಿ, ಜೇಬಲ್ಲಿ ಒಂದು ಬಾಚಣಿಗೆ ಇಟ್ಕೊಳ್ಳಿ, ಚೋಯಾ ಉಂಡೆ ಅಂಟಿದ್ರೆ ಬಾಚಣಿಗೆಯಿಂದ ಮೀಟಿ ಹಾರಿಸ್ಬೇಕು, ಕೈ ಹಾಕಿದ್ರೆ ಕೈಗೂ ಅಂಟುತ್ತೆ.

ದೇಹಕ್ಕೆ ಯಾವುದು ಕಷ್ಟ ಅಂತ ಕೇಳೋದೇ ಬೇಡ. ಎಲ್ಕ್ ಕಾಡು ಒಂಬತ್ತು ಹತ್ತು ಸಾವಿರ ಅಡಿ ಮೇಲೆ, ಡಲ್ಲಾಸಿನ ಬಯಲಿಂದ ನೇರ ಹೋಗಿ ಅಲ್ಲಿ ಟೆಂಟ್ ಹಾಕಿದ್ರೆ ಮೊದಲ ರಾತ್ರಿ ತಲೆನೋವು, ನಿದ್ದೆ ಇಲ್ಲ, ಮಧ್ಯದಲ್ಲಿ ಡೆನ್ವರ್ ಎತ್ತರದಲ್ಲಿ ಒಂದು ರಾತ್ರಿ ಮಲಗಿ ಹೋದ್ರೆ ಎಷ್ಟೋ ವಾಸಿ. ಮಧ್ಯಾಹ್ನ ಆದ್ರೆ ಗುಡುಗು ಸಿಡಿಲು ಬೇರೆ. ಅರಿಜೋನಾದಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟೋ ಚಳಿ, ಟ್ರಕ್ ಪಕ್ಕದಲ್ಲೇ ಕ್ಯಾಂಪು, ಕುಡಿಯೋ ನೀರು ಮಾತ್ರ ನಾವೇ ಒಯ್ಯಬೇಕು. ಊಟ ಎರಡೂ ಕಡೆ ಒಂದೇ, ಗೊಜ್ಜವಲಕ್ಕಿ ಮಿಕ್ಸು ಮತ್ತು ಬಿಸಿನೀರು, ಹದಿನೈದು ಡಾಲರಿನ ಒಣ ಪ್ಯಾಕೆಟ್ ಊಟಕ್ಕಿಂತ ಹಗುರ, ರುಚಿ ಬಗ್ಗೆ ಚರ್ಚೆನೇ ಬೇಡ.

ಇನ್ನು ಯಾರೂ ಮೊದಲೇ ಯೋಚಿಸದ ವಿಷಯ, ಬಾಣ ತಾಗಿದ ಮೇಲೆ ಏನು ಮಾಡ್ತೀರಿ. ದೊಡ್ಡ ಗಂಡು ಎಲ್ಕಲ್ಲಿ ಮೂಳೆ ಬಿಡಿಸಿದ ಮೇಲೂ 200 ಪೌಂಡ್ ಆಸುಪಾಸು ಮಾಂಸ, ಬೆನ್ನ ಮೇಲೆ ಹೊತ್ತು ತರ್ಬೇಕು, ಒಬ್ಬನೇ ಆದ್ರೆ ನಾಕು ಸಲ ಹೋಗಿ ಬರ್ಬೇಕು, ಟ್ರಕ್ಕಿಂದ ಮೂರು ಮೈಲಿ ಒಳಗೆ ಹೊಡೆದಿದ್ರೆ ಎಷ್ಟು ನಡಿಗೆ ಲೆಕ್ಕ ಹಾಕ್ಕೊಳ್ಳಿ. ಸೆಪ್ಟೆಂಬರ್ ಮಧ್ಯಾಹ್ನ ಬಿಸಿ, ಎಲ್ಕ್ ಚರ್ಮ ದಪ್ಪ, ಶಾಖ ಒಳಗೇ ಕೂತ್ಕೊಳ್ಳುತ್ತೆ, ತೊಡೆಯ ಕೀಲಿನ ಹತ್ತಿರ ಮೊದಲು ಕೆಡುತ್ತೆ, ಹಾಗಾಗಿ ತಕ್ಷಣ ಚರ್ಮ ತೆಗೆದು ತೊಡೆ ಬಿಡಿಸಿ ಬಟ್ಟೆ ಚೀಲದಲ್ಲಿ ನೆರಳಿಗೆ ನೇತು ಹಾಕ್ಬೇಕು, ರಾತ್ರಿ ಆಗ್ಲಿ ಮಳೆ ಬರ್ಲಿ. ಮರುಭೂಮಿ ಜಿಂಕೆದು ಸುಮಾರು 60 ಪೌಂಡ್ ಮಾಂಸ, ಇಬ್ಬರಿದ್ರೆ ಒಂದೇ ಸಲ, ಜನವರಿ ಚಳಿ ಫ್ರಿಜ್ ಕೆಲಸ ತಾನೇ ಮಾಡುತ್ತೆ. ಮನೆಗೆ ತರುವಾಗ ಎರಡೂ ಕಡೆಯಿಂದ ಮೂಳೆ ಬಿಡಿಸಿದ ಮಾಂಸ, ತೊಳೆದ ತಲೆಬುರುಡೆ ಅಷ್ಟೇ ತನ್ನಿ, ಸಿಡಬ್ಲ್ಯುಡಿ (ಜಿಂಕೆ ಜಾತಿಯ ಮಿದುಳಿಗೆ ಬರೋ ಮಾರಕ ರೋಗ) ಇರೋ ಕೊಲೊರಾಡೊ ಥರದ ರಾಜ್ಯಗಳಿಂದ ಮಿದುಳು ಬೆನ್ನುಹುರಿ ಗಡಿ ದಾಟಿಸೋಕೆ ಬಿಡಲ್ಲ.

ಹೊಡೆಯೋ ಸಾಧ್ಯತೆ ಎರಡರಲ್ಲೂ ಕಡಿಮೆನೇ, ಬಿಲ್ಲಲ್ಲಿ ಎಲ್ಕ್ ಸಿಗೋದು ಹತ್ತು ಜನರಲ್ಲಿ ಒಬ್ಬರಿಗೆ ಅನ್ನೋ ಲೆಕ್ಕ. ಹಾಗಿರುವಾಗ ಖಾಲಿ ಕೈಯಲ್ಲಿ ಬಂದ್ರೆ ಏನು ಕಲಿತು ಬರ್ತೀವಿ ಅನ್ನೋದೇ ನನಗೆ ಮುಖ್ಯ, ಅದರಲ್ಲಿ ಅರಿಜೋನಾಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಎಲ್ಕ್ ಕಾಡಲ್ಲಿ ವಾರ ಪೂರ್ತಿ ಅಲೆದು ಒಂದು ಸಲನೂ ಬಿಲ್ಲು ಎಳೆಯದೆ ಬರೋರು ಬೇಕಾದಷ್ಟು ಜನ, ಯಾಕೆ ಸಿಗಲಿಲ್ಲ ಅಂತ ಕೇಳಿದ್ರೆ ಅವರಿಗೇ ಗೊತ್ತಿರಲ್ಲ. ಜಿಂಕೆ ವಿಷಯದಲ್ಲಿ ಹಾಗಲ್ಲ, ಅದು ಎದ್ದು ಓಡೋದು ಕಣ್ಣೆದುರೇ ಆಗುತ್ತೆ, ಗಾಳಿ ಕೆಡಿಸ್ತಾ ಸದ್ದು ಕೆಡಿಸ್ತಾ ಅಂತ ಅಲ್ಲೇ ಗೊತ್ತಾಗುತ್ತೆ, ಮಧ್ಯಾಹ್ನ ಇನ್ನೊಂದನ್ನ ಹುಡುಕಿ ಮತ್ತೆ ಟ್ರೈ ಮಾಡಬಹುದು. ಅರ್ಧ ದುಡ್ಡಲ್ಲಿ.

ಆದ್ರೂ ಮನಸ್ಸೆಲ್ಲ ಎಲ್ಕ್ ಮೇಲೇ ಇದೆ ಅನ್ನೋರು ಇರ್ತಾರೆ, ಅವರಿಗೆ: ಒಬ್ಬರೇ ಹೋಗ್ಬೇಡಿ, ಬ್ಯಾಕ್‌ಪ್ಯಾಕ್ ಹೊತ್ತು ಏಳೆಂಟು ಮೈಲಿ ಒಳಗೆ ಹೋಗೋ ವಿಡಿಯೋ ನೋಡಿ ಮರುಳಾಗ್ಬೇಡಿ, ಮೊದಲ ವರ್ಷ ಟ್ರಕ್ ಕ್ಯಾಂಪೇ ಸಾಕು, ಹೆಣ್ಣು ಎಲ್ಕ್ ಹೊಡೆಯೋಕೂ ಅವಕಾಶ ಇರೋ ಟ್ಯಾಗಿದ್ರೆ ಅದನ್ನೇ ಹಾಕಿ. ಇಲ್ಲಾಂದ್ರೆ ಏಪ್ರಿಲ್ ಡ್ರಾಗೆ ಮೊದಲ ಚಾಯ್ಸಾಗಿ ಒಂದು ಒಳ್ಳೇ ಎಲ್ಕ್ ಯೂನಿಟ್ ಹಾಕಿಬಿಡಿ, ಸಿಗಲಿಲ್ಲ ಅಂದ್ರೆ ಪಾಯಿಂಟ್ ಸೇರುತ್ತೆ, ಅದು ಬೆಳೆಯೋವರೆಗೆ ಜನವರಿ ಜನವರಿಗೆ ಅರಿಜೋನಾ. ಟ್ಯಾಗ್ ಮಾರಾಟದ ದಿನ ಗೇಮ್ ಅಂಡ್ ಫಿಶ್‌ನವರು ಮೊದಲೇ ಹಾಕಿರ್ತಾರೆ, ಅಕೌಂಟ್ ಹಿಂದಿನ ದಿನವೇ ಮಾಡಿಟ್ಟು ಕಾರ್ಡ್ ನಂಬರ್ ಹಾಕಿಟ್ಟಿರಿ.