ಹದಿಮೂರು ವರ್ಷದ ನನ್ನ ಕಾರಿಗೆ ಇ20 ಪೆಟ್ರೋಲ್: ನೋಟ್‌ಬುಕ್ ಲೆಕ್ಕ

ನನ್ನದು 2012ರ ಮಾಡೆಲ್ ಪೆಟ್ರೋಲ್ ಕಾರು. ಮಂಡ್ಯದಿಂದ ಮದ್ದೂರಿನ ಶಾಲೆಗೆ ದಿನಾ ಹೋಗಿ ಬರ್ತೀನಿ, ತಿಂಗಳಿಗೆ ಎರಡು ಸಲ ಮೈಸೂರು. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಕಿಲೋಮೀಟರು, ಲೀಟರು ಎರಡನ್ನೂ ಬರೆದಿಡುವುದು ಮೊದಲಿನಿಂದ ಅಭ್ಯಾಸ.

ಪೆಟ್ರೋಲ್‌ನಲ್ಲಿ ಶೇ. 10 ಎಥನಾಲ್ (ಕಬ್ಬು ಮುಂತಾದವುಗಳಿಂದ ತೆಗೆಯುವ ಆಲ್ಕೋಹಾಲ್) ಬೆರೆಸ್ತಿದ್ದಾಗ, ಅಂದರೆ ಇ10 ಇದ್ದಾಗ, ಲೀಟರಿಗೆ 17.8 ಕಿ.ಮೀ. ಸಿಗ್ತಿತ್ತು. ಶೇ. 20 ಬೆರೆಸಿದ ಇ20 ಬಂದ ಮೇಲೆ 16.6. ಅದೇ ರಸ್ತೆ, ಅದೇ ಡ್ರೈವಿಂಗ್. ತಿಂಗಳಿಗೆ ನಾಲ್ಕು ಲೀಟರ್ ಹತ್ತಿರ ಜಾಸ್ತಿ, ಅಂದರೆ ಸುಮಾರು 400 ರೂಪಾಯಿ. ಇದರಲ್ಲಿ ಗುಟ್ಟೇನಿಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ಆದರೆ ಪಂಪ್‌ನಲ್ಲಿ ರೇಟು ಇಳಿದಿಲ್ಲ, ನನ್ನ ಬೇಜಾರು ಅದು.

ಒಳ್ಳೆಯದನ್ನೂ ಹೇಳಬೇಕು. ನಾಲ್ಕು ಜನ ಕೂತು ಚಾಮುಂಡಿ ಬೆಟ್ಟ ಹತ್ತುವಾಗ ಮೊದಲು ಎಂಜಿನ್ ಕಟಕಟ ಅಂತಿತ್ತು. ಈಗ ಆ ಶಬ್ದ ಇಲ್ಲವೇ ಇಲ್ಲ. ಎಥನಾಲ್‌ಗೆ ಆಕ್ಟೇನ್, ಅಂದರೆ ಈ ಕಟಕಟ ತಡೆಯುವ ಗುಣ, ಜಾಸ್ತಿ. ಅದರ ಫಲ.

ತೊಂದರೆ ಬಂದದ್ದು ಬೇಸಿಗೆ ರಜೆ ಮುಗಿದ ಮೇಲೆ. ಒಂದು ತಿಂಗಳು ಅರ್ಧ ಟ್ಯಾಂಕಲ್ಲಿ ನಿಂತಿದ್ದ ಗಾಡಿ ಸ್ಟಾರ್ಟ್ ಆಗಲು ಒದ್ದಾಡಿತು, ಬಾನೆಟ್ ತೆಗೆದರೆ ಪೆಟ್ರೋಲ್ ವಾಸನೆ. ಮೆಕ್ಯಾನಿಕ್ ಪೆಟ್ರೋಲ್ ಹೋಗುವ ರಬ್ಬರ್ ಪೈಪು ಬಿಚ್ಚಿ ಕೈಗೆ ಕೊಟ್ಟ. ಒತ್ತಿದರೆ ಮೆತ್ತಗೆ, ಬೆರಳಿಗೆಲ್ಲ ಕಪ್ಪು. ಕ್ಲಿಪ್ ಇದ್ದ ಜಾಗದಲ್ಲಿ ಉಬ್ಬಿ, ಅಂಚಿನಲ್ಲಿ ಕೂದಲಿನಂಥ ಬಿರುಕು. "ವಯಸ್ಸೂ ಆಗದೆ ಮೇಷ್ಟ್ರೇ, ಈ ಪೆಟ್ರೋಲೂ ಸೇರ್ಕೊಂಡದೆ" ಅಂದ. ಅವನ ಮಾತು ಸರಿ ಅನ್ನಿಸಿತು. ಎಥನಾಲ್ ತಡೆಯುವ ಪೈಪು ಹಾಕಿಸಿ, ಫಿಲ್ಟರ್ ಬದಲಿಸಿದೆ.

ಆದರೂ ಈ ಪೆಟ್ರೋಲ್‌ಗೆ ನೀರು ಸೇರಿದರೆ ಏನಾಗುತ್ತೆ ಅನ್ನೋ ಸಂಶಯ ಹೋಗಲಿಲ್ಲ. ಶಾಲೆಯ ಹಿಂದಿನ ಬಯಲಲ್ಲಿ, ಬೆಂಕಿಯಿಂದ ದೂರ, ಮೆಷರಿಂಗ್ ಸಿಲಿಂಡರ್‌ಗೆ 100 ಎಂ.ಎಲ್. ಪೆಟ್ರೋಲ್ ಹಾಕಿದೆ. ಮೇಲೆ ಇಂಕ್ ಬೆರೆಸಿದ 10 ಎಂ.ಎಲ್. ನೀರು. ಕುಲುಕಿ ಹತ್ತು ನಿಮಿಷ ಬಿಟ್ಟು ನೋಡಿದರೆ ತಳದ ನೀಲಿ ಪದರ 28ರ ಗೆರೆಗೆ ಬಂದಿತ್ತು. ಹದಿನೆಂಟು ಎಂ.ಎಲ್.ನಷ್ಟು ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿತ್ತು! ಟ್ಯಾಂಕಿಗೆ ಇಷ್ಟು ನೀರು ಹೋಗಲ್ಲ, ನಿಜ. ಆದರೆ ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತೆ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಫ್ಯೂಯಲ್ ಪಂಪ್ ಎಳೆಯುವುದು ಆ ತಳದಿಂದಲೇ ಅಲ್ವಾ?

ನಮ್ಮಪ್ಪ ಎರಡು ಎಕರೆ ಕಬ್ಬು ಬೆಳೀತಾರೆ. ಎಥನಾಲ್‌ನಿಂದ ಫ್ಯಾಕ್ಟರಿಗೆ ದುಡ್ಡು ಬಂದು, ನಮ್ಮ ಕಬ್ಬಿನ ಬಾಕಿ ಬೇಗ ಕೈಗೆ ಸಿಕ್ಕರೆ ನನಗಿಂತ ಖುಷಿಪಡುವವರು ಇಲ್ಲ. ಹಾಗಾಗಿ ಇ20 ಬೇಡ ಅನ್ನಲ್ಲ. ಬ್ರೆಜಿಲ್‌ನಲ್ಲಿ ಫ್ಲೆಕ್ಸ್ ಫ್ಯೂಯಲ್ (ಪೆಟ್ರೋಲ್, ಎಥನಾಲ್ ಯಾವುದರಲ್ಲಾದರೂ ಓಡುವ) ಕಾರು ಇರುವವರು ಎಥನಾಲ್ ರೇಟು ಪೆಟ್ರೋಲ್‌ನ ಶೇ. 70ಕ್ಕಿಂತ ಕಮ್ಮಿ ಇದ್ದರೆ ಅದನ್ನು ಹಾಕಿಸ್ತಾರೆ, ಇಲ್ಲದಿದ್ದರೆ ಇಲ್ಲ. ಆ ಆಯ್ಕೆ ನಮಗೂ ಬೇಕು. ಹಳೇ ಗಾಡಿಯವರಿಗೆ ಇ10ರ ಒಂದು ನಾಜಲ್ ಆದರೂ ಇರಲಿ.

ಇ20 ತಡೆಯುವ ಭಾಗಗಳ ಗಾಡಿ ಬರಲು ಶುರುವಾದ 2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿ ಇದ್ದವರು ಮ್ಯಾನುಯಲ್‌ನಲ್ಲಿ ಏನು ಬರೆದಿದೆ ನೋಡಿ. ಮುಂದಿನ ಸರ್ವಿಸ್‌ನಲ್ಲಿ ರಬ್ಬರ್ ಪೈಪು ಬಿಚ್ಚಿಸಿ, ನೀವೇ ಬೆರಳಲ್ಲಿ ಒತ್ತಿ ನೋಡಿ. ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ನಡುನಡುವೆ ಸ್ವಲ್ಪ ದೂರ ಓಡಿಸ್ತಾ ಇರಿ. ಈ ದಸರಾ ರಜೆಯಲ್ಲಿ ವಾರಕ್ಕೊಮ್ಮೆ ಶ್ರೀರಂಗಪಟ್ಟಣದವರೆಗೆ ಹೋಗಿ ಬಂದೆ, ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗ್ತಿದೆ.