ಮಾಂಡವಿ ಹಡಗಿನ ಪೋಕರ್ ಟೂರ್ನಮೆಂಟು: ಬಹುಮಾನದ ಬೋರ್ಡಿಗಿಂತ ಮೊದಲು ಬ್ಲೈಂಡ್ ಪಟ್ಟಿ ನೋಡಿ

ಕಾರವಾರ, ಅಂಕೋಲಾ ಕಡೆಯವರಿಗೆ ಲೈವ್ ಪೋಕರ್ ಅಂದರೆ ಪಣಜಿಯೇ. ಮಾಜಾಳಿ ಗಡಿ ದಾಟಿ, ಕಾಣಕೋಣ, ಮಡಗಾಂವ್ ಮಾರ್ಗವಾಗಿ ಹೆದ್ದಾರಿ 66ರಲ್ಲಿ ಸುಮಾರು ನೂರು ಕಿಲೋಮೀಟರ್. ಶಿರಸಿಯವರು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬಂದು ಇದೇ ದಾರಿ ಹಿಡಿಯಬೇಕು. ಮಳೆಗಾಲದಲ್ಲಾದರೆ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳಲ್ಲಿ ನಡೆಯುವ ಟೂರ್ನಮೆಂಟುಗಳ ವಿಮರ್ಶೆ ಇದು. ಇಂಥ ಹಡಗು ಒಳ್ಳೆಯದು, ಇಂಥದ್ದು ಕೆಟ್ಟದ್ದು ಎಂದು ಹೇಳುವ ಉದ್ದೇಶವಿಲ್ಲ. ಒಂದೇ ಹಡಗಿನಲ್ಲಿ ವಾರದ ನಡುವಿನ ಸಣ್ಣ ಆಟಕ್ಕೂ ದೊಡ್ಡ ಸರಣಿಯ ಮುಖ್ಯ ಆಟಕ್ಕೂ ಅಜಗಜಾಂತರ.

ಮೊದಲು ಗಡಿಯಾರ. ಡೀಲರ್ ಎಲೆ ಕಲಸಿ, ಕಟ್ ಮಾಡಿ, ಹಂಚಿ, ಪಾಟ್ (ನಡುವೆ ಬಿದ್ದ ಪಣ) ಎಣಿಸಿ ಕೊಡುವಷ್ಟರಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್ (ಒಂದು ಸಲ ಹಂಚಿ ಆಡುವ ಆಟ) ಆದರೆ ಹೆಚ್ಚು. ಟೇಬಲಿಗೆ ಒಂಬತ್ತು ಜನ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದ ಪಣ; ಅದು ಒಂದೇ ಮೊತ್ತದಲ್ಲಿರುವ ಅವಧಿ ಒಂದು ಲೆವೆಲ್. ಲೆವೆಲ್ 20 ನಿಮಿಷದ್ದಾದರೆ ಒಂದು ಲೆವೆಲಿಗೆ ಒಂಬತ್ತೇ ಹ್ಯಾಂಡ್. ಬಟನ್ (ಹಂಚುವ ಸರದಿಯ ಗುರುತು) ಒಂದು ಸುತ್ತು ಬರುವಷ್ಟರಲ್ಲಿ ಬ್ಲೈಂಡ್ ಏರಿಯಾಯಿತು. 25,000 ಚಿಪ್ಸ್ ಕೊಟ್ಟು ಸ್ಮಾಲ್/ಬಿಗ್ ಬ್ಲೈಂಡ್ 100/200ರಿಂದ ಶುರು ಮಾಡುತ್ತಾರೆ ಅನ್ನಿ. ಕೈಯಲ್ಲಿ 125 ಬಿಗ್ ಬ್ಲೈಂಡ್, ಕೇಳಲು ಸೊಂಪಾಗಿದೆ. ಒಂಬತ್ತನೇ ಲೆವೆಲಿನಲ್ಲಿ ಬ್ಲೈಂಡ್ 1,000/2,000 ಮುಟ್ಟಿದರೆ ಅದೇ 25,000 ಈಗ ಹನ್ನೆರಡೂವರೆ ಬ್ಲೈಂಡ್. 20 ನಿಮಿಷದ ಆಟದಲ್ಲಿ ಈ ಸ್ಥಿತಿ 2 ಗಂಟೆ 40 ನಿಮಿಷಕ್ಕೇ ಬರುತ್ತದೆ, 40 ನಿಮಿಷದ ಆಟದಲ್ಲಿ 5 ಗಂಟೆ 20 ನಿಮಿಷಕ್ಕೆ. ಈಗ ಬಹುತೇಕ ಕಡೆ ಬಿಗ್ ಬ್ಲೈಂಡ್ ಆಂಟೆ (ಬಿಗ್ ಬ್ಲೈಂಡಿನವನು ಅಷ್ಟೇ ಮೊತ್ತ ಇನ್ನೊಮ್ಮೆ ಹಾಕುವುದು) ಇರುವುದರಿಂದ ಪ್ರತಿ ಸುತ್ತಿಗೆ ಎರಡೂವರೆ ಬ್ಲೈಂಡ್ ತಾನಾಗಿಯೇ ಹೋಗುತ್ತದೆ. ಹನ್ನೆರಡೂವರೆ ಇದ್ದವನಿಗೆ ಉಳಿದದ್ದು ಐದೇ ಸುತ್ತು, ಅದೂ ಬ್ಲೈಂಡ್ ಏರದಿದ್ದರೆ.

ಅಲ್ಲಿಗೆ ಆಟ ಮುಗಿದಂತೆ. ಇನ್ನು ಆಲ್-ಇನ್ (ಇದ್ದ ಚಿಪ್ಸ್ ಎಲ್ಲ ಒಡ್ಡುವುದು) ಇಲ್ಲವೇ ಫೋಲ್ಡ್ (ಎಲೆ ಬಿಡುವುದು). ಎಕ್ಕದ ಜೋಡಿ ಬರುವುದು 221 ಹ್ಯಾಂಡಿಗೊಮ್ಮೆ, ಅಂದರೆ ಎಂಟು ಗಂಟೆ ಕೂತರೆ ಸರಾಸರಿ ಒಂದು ಸಲ. ಬಂದಾಗಲೂ ಎದುರಿನವನ ರಾಜನ ಜೋಡಿ ಐದರಲ್ಲಿ ಒಂದು ಸಲದ ಹತ್ತಿರ ಹತ್ತಿರ ಅದನ್ನು ಹೊಡೆದುಹಾಕುತ್ತದೆ. ಪ್ರತಿ ಸಲ 70% ಗೆಲ್ಲುವ ಎಲೆ ಹಿಡಿದೇ ಐದು ಸಲ ಆಲ್-ಇನ್ ಹೋದರೂ ಐದನ್ನೂ ಗೆಲ್ಲುವ ಸಂಭವ ಸುಮಾರು 17%. ‘ನದಿಯಲ್ಲಿ ಮುಳುಗಿದೆ’ (ಪೋಕರಿನಲ್ಲಿ ‘ರಿವರ್’ ಅಂದರೆ ಕೊನೆಯ ಎಲೆ) ಎಂದು ಗೋಳಾಡುವವರ ದುಃಖ ನಿಜವೇ, ಅಸಹಜವೇನಲ್ಲ. ನೂರರಲ್ಲಿ ಹನ್ನೆರಡು ಜನಕ್ಕೆ ಬಹುಮಾನವೆಂದಾದರೆ, ಸಾಮಾನ್ಯ ಆಟಗಾರ ಸತತ ಹತ್ತು ಟೂರ್ನಮೆಂಟು ಬರಿಗೈಲಿ ಬರುವ ಸಂಭವ 28%. ತಿಂಗಳಿಗೊಮ್ಮೆ ಹೋಗುವವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷ. ಹಾಗಾಗಿ 20 ನಿಮಿಷದ ಲೆವೆಲ್ ಇದ್ದರೆ ಬೈ-ಇನ್ (ಆಟಕ್ಕೆ ಕಟ್ಟುವ ಹಣ) ಎಷ್ಟೇ ಅಗ್ಗವಾಗಿರಲಿ ಬಿಟ್ಟುಬಿಡಿ. 30 ಪರವಾಗಿಲ್ಲ, 40 ಇದ್ದರೆ ನೂರು ಕಿಲೋಮೀಟರ್ ಹೋಗಿದ್ದಕ್ಕೆ ನ್ಯಾಯ.

ಈಗ ದುಡ್ಡು. ಕ್ಯಾಸಿನೊದಲ್ಲಿ ಕಟ್ಟುವ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ 28% ಜಿಎಸ್‌ಟಿ ಇತ್ತು; 2025ರ ಸೆಪ್ಟೆಂಬರ್ 22ರಿಂದ ಅದು 40%. ಬೋರ್ಡಿನ ಬೈ-ಇನ್ ಜಿಎಸ್‌ಟಿ ಸೇರಿಯೋ ಹೊರತೋ ಎಂದು ಕೌಂಟರಿನಲ್ಲಿ ಕೇಳಿ. ಸೇರಿ 14,000 ರೂಪಾಯಿ ಅಂದುಕೊಳ್ಳಿ. ಅದರಲ್ಲಿ 4,000 ತೆರಿಗೆ. ಉಳಿದ 10,000ದಲ್ಲಿ ನಡೆಸುವವರ ಶುಲ್ಕ ಒಂದು ಸಾವಿರ ಹಿಡಿದರೆ ಬಹುಮಾನದ ಗಂಟಿಗೆ ಬೀಳುವುದು 9,000. ನೂರು ಜನ ಬಂದರೆ ಒಂಬತ್ತು ಲಕ್ಷ, ಕಟ್ಟಿದ್ದು ಹದಿನಾಲ್ಕು ಲಕ್ಷ.

ಗೆದ್ದ ಮೇಲೆ ಇನ್ನೊಂದು ಕತ್ತರಿ. ಬಹುಮಾನ 10,000 ದಾಟಿದರೆ 30% ಟಿಡಿಎಸ್ ಮುರಿದೇ ಕೈಗೆ ಕೊಡುತ್ತಾರೆ. 4% ಸೆಸ್ ಸೇರಿ ರಿಟರ್ನ್ಸ್ ಹೊತ್ತಿಗೆ 31.2%. ಬೈ-ಇನ್ ಆಗಲಿ, ಬಸ್ಸು-ರೂಮಿನ ಖರ್ಚಾಗಲಿ ಇದರಲ್ಲಿ ಕಳೆಯಲು ಬರುವುದಿಲ್ಲ, ಸೋತ ಆಟಗಳ ನಷ್ಟವನ್ನೂ ಹೊಂದಿಸುವಂತಿಲ್ಲ. ಮೇಲಿನ ಒಂಬತ್ತು ಲಕ್ಷದಲ್ಲಿ ಹನ್ನೆರಡನೆಯವನಿಗೆ 2% ಅಂದರೆ 18,000 ಸಿಕ್ಕಿತು ಅನ್ನಿ. ಟಿಡಿಎಸ್ 5,400 ಹೋಗಿ ಕೈಗೆ 12,600. ಕಟ್ಟಿದ್ದು 14,000! ‘ಕ್ಯಾಶ್ ಆದೆ’ (ಬಹುಮಾನ ಬಂತು) ಎಂದು ಮನೆಗೆ ಫೋನ್ ಮಾಡಿದವನು ಲೆಕ್ಕದಲ್ಲಿ ಸೋತೇ ಇಳಿದಿದ್ದಾನೆ.

ಇದರಿಂದ ಬಬಲ್ ಹೊತ್ತಿನ ಆಟವೇ ಬದಲಾಗಬೇಕು. ಹದಿಮೂರು ಜನ ಉಳಿದು ಹನ್ನೆರಡಕ್ಕೆ ಬಹುಮಾನ ಇದ್ದಾಗ ಎಲ್ಲ ಟೇಬಲುಗಳೂ ಒಂದೊಂದೇ ಹ್ಯಾಂಡ್ ಆಡಿ ಕಾಯುತ್ತವೆ. ಮುಕ್ಕಾಲುಪಾಲು ಜನ ಉಸಿರು ಹಿಡಿದು ಫೋಲ್ಡ್ ಮಾಡುತ್ತ ಕೂರುತ್ತಾರೆ. ಕೊನೆಯ ಬಹುಮಾನವೇ ನಷ್ಟದ್ದಾದರೆ ಅದಕ್ಕಾಗಿ ಕಾಯುವುದರಲ್ಲಿ ಅರ್ಥವೇನು? 20-25 ಬ್ಲೈಂಡ್ ಇರುವವನು ಆಗಲೇ ಬ್ಲೈಂಡ್ ಕದಿಯಬೇಕು (ಪಣ ಏರಿಸಿ ಉಳಿದವರು ಎಲೆ ಬಿಡುವಂತೆ ಮಾಡಬೇಕು), ಹೆದರಿ ಕೂತ ಮಧ್ಯಮ ಸ್ಟ್ಯಾಕಿನವರ (ಚಿಪ್ಸ್ ರಾಶಿಯವರ) ಮೇಲೆ. ದೊಡ್ಡ ಸ್ಟ್ಯಾಕಿನವನ ತಂಟೆ ಮಾತ್ರ ಬೇಡ. ಗಂಟಿನ ಬಹುಪಾಲು ಮೊದಲ ಮೂರು ಸ್ಥಾನದಲ್ಲಿದೆ. ಅಲ್ಲಿಗೆ ಮುಟ್ಟಿದರೆ ಈ ತೆರಿಗೆ ದಾಟಿಯೂ ಚೆನ್ನಾಗಿ ಉಳಿಯುತ್ತದೆ.

ಗ್ಯಾರಂಟಿ (ಎಷ್ಟೇ ಜನ ಬಂದರೂ ಕೊಡುವ ಕನಿಷ್ಠ ಗಂಟು) ಬೋರ್ಡನ್ನು ಓದುವ ರೀತಿಯೂ ಇದೆ. ಗ್ಯಾರಂಟಿ ಹತ್ತು ಲಕ್ಷ, ನೂರೇ ಜನ ಬಂದಿದ್ದಾರೆ ಅಂದರೆ ಕೊರತೆಯ ಒಂದು ಲಕ್ಷ ನಡೆಸುವವರೇ ತುಂಬಬೇಕು. ಆಟಗಾರನಿಗೆ ಪುಕ್ಕಟೆಯಾಗಿ ಸಿಗುವುದು ಅದೊಂದೇ. ರೀ-ಎಂಟ್ರಿ (ಸೋತು ಹೊರಬಿದ್ದ ಮೇಲೆ ಮತ್ತೆ ದುಡ್ಡು ಕಟ್ಟಿ ಕೂರುವುದು) ಇಲ್ಲಿನ ದೊಡ್ಡ ಗುಂಡಿ: ಒಂದು ಆಟ ಆಡಲು ಹೋದವನು ಮೂರು ಬೈ-ಇನ್ ಕಳೆದು ಬರುತ್ತಾನೆ, ಪ್ರತಿ ಸಲವೂ ಆ 40% ಹೊಸದಾಗಿ. ಲೇಟ್ ರಿಜಿಸ್ಟ್ರೇಶನ್ (ಆಟ ಶುರುವಾದ ಮೇಲೂ ಸೇರುವ ಅವಕಾಶ) ಮುಗಿಯುವ ಹೊತ್ತಿಗೆ ನುಗ್ಗುವುದು ಇನ್ನೂ ಕಷ್ಟದ ಬಾಬತ್ತು. 14,000 ಕೊಟ್ಟು ಹದಿನೈದು ಬ್ಲೈಂಡ್ ಕೊಂಡಂತೆ. ಮೊದಲು ಆನ್‌ಲೈನ್ ಸ್ಯಾಟಲೈಟ್ (ಸೀಟೇ ಬಹುಮಾನವಾದ ಸಣ್ಣ ಟೂರ್ನಮೆಂಟು) ಆಡಿ ಅಗ್ಗಕ್ಕೆ ಸೀಟು ಗಿಟ್ಟಿಸುವ ದಾರಿಯಿತ್ತು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದ ಮೇಲೆ ಅದೂ ಮುಚ್ಚಿತು.

ಮದುವೆಮನೆಯ ಇಸ್ಪೀಟಿನಲ್ಲಿ ಪಳಗಿದವರು ಇಲ್ಲಿ ಎಡವುವುದು ಎಲೆಯಲ್ಲಲ್ಲ, ಕೈಸನ್ನೆಯಲ್ಲಿ. ಬ್ಲೈಂಡ್ 400/800 ಇದೆ, ನಿಮ್ಮ ಬಳಿ ಎಕ್ಕ-ರಾಜ. 5,000ದ ಒಂದೇ ಚಿಪ್ಪನ್ನು ಮಾತಿಲ್ಲದೆ ಮುಂದಿಟ್ಟಿರಿ. ನಿಯಮದ ಪ್ರಕಾರ ಅದು ಬರೀ ಕಾಲ್ (ಇದ್ದ ಪಣಕ್ಕೆ ಸಮ ಹಾಕುವುದು). ಡೀಲರ್ 4,200 ವಾಪಸ್ ತಳ್ಳುತ್ತಾನೆ, ಹಿಂದಿನವರಿಗೆಲ್ಲ ಅಗ್ಗದಲ್ಲಿ ಫ್ಲಾಪ್ (ನಡುವೆ ತೆರೆಯುವ ಮೊದಲ ಮೂರು ಎಲೆ) ನೋಡಲು ಸಿಗುತ್ತದೆ. ಮೊದಲು ‘ರೇಸ್’ (ಪಣ ಏರಿಸಿದೆ) ಅನ್ನಿ, ಆಮೇಲೆ ಚಿಪ್ ಹಾಕಿ. ಎರಡು ಸಲ ಕೈ ಚಾಚಿ ಸ್ವಲ್ಪ ಸ್ವಲ್ಪ ಹಾಕುವುದೂ ನಡೆಯುವುದಿಲ್ಲ. ಡೀಲರಿನ ಅಕ್ಕಪಕ್ಕದ 1 ಮತ್ತು 9ನೇ ಸೀಟಿನವರು ಎಲೆಗಳ ಮೇಲೆ ಒಂದು ಚಿಪ್ ಇಟ್ಟುಕೊಳ್ಳಲೇಬೇಕು. ರಕ್ಷಣೆಯಿಲ್ಲದ ಎಲೆಯನ್ನು ಡೀಲರ್ ತಪ್ಪಿ ಬಾಚಿ ಕಸದೆಲೆಗೆ ಸೇರಿಸಿದರೆ ಹೋಯಿತು, ಫ್ಲೋರ್ (ಮೇಲ್ವಿಚಾರಕ) ಕರೆದರೂ ವಾಪಸ್ ಬರದು. ಸಣ್ಣ ಚಿಪ್ಸ್ ತೆಗೆಯುವಾಗ ಚಿಲ್ಲರೆ ಉಳಿದ ಪ್ರತಿ ಚಿಪ್ಪಿಗೆ ಒಂದು ಎಲೆ ಹಂಚಿ, ದೊಡ್ಡ ಎಲೆಗೆ ದೊಡ್ಡ ಚಿಪ್ ಕೊಡುತ್ತಾರೆ. ಹೊಸಬರು ಇದನ್ನು ನೋಡಿ ಗಾಬರಿಯಾಗುವುದು ಬೇಡ, ಈ ಲಾಟರಿಯಲ್ಲಿ ಯಾರೂ ಆಟದಿಂದ ಹೊರಬೀಳುವುದಿಲ್ಲ.

ಉಳಿದ ವ್ಯವಸ್ಥೆ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ದಡದಿಂದ ಸಣ್ಣ ದೋಣಿಯಲ್ಲಿ ಹಡಗಿಗೆ ಒಯ್ಯುತ್ತಾರೆ. ವಯಸ್ಸು 21 ಆಗಿರಬೇಕು, ಮೂಲ ಗುರುತುಚೀಟಿ ಬೇಕು, ಪ್ಯಾನ್ ಮರೆಯಬೇಡಿ. ಗೋವಾದ ನಿವಾಸಿಗಳಿಗೆ 2020ರ ಫೆಬ್ರವರಿಯಿಂದ ಕ್ಯಾಸಿನೊ ನಿಷಿದ್ಧ. ಕೊಂಕಣಿ ಮಾತಾಡುವ ಕಾರವಾರಿಗರು ಆಧಾರ್ ಮುಂದೆ ಹಿಡಿದೇ ಬಾಯಿ ತೆರೆಯುವುದು ಒಳ್ಳೆಯದು. ಎಸಿ ಎಷ್ಟಿರುತ್ತದೆಂದರೆ ಮೇ ತಿಂಗಳಲ್ಲೂ ಸ್ವೆಟರ್ ಬೇಕು. ಬೈ-ಇನ್ನಿನಲ್ಲಿ ಊಟ ಸೇರಿದೆಯೇ, ಪ್ರವೇಶ ಶುಲ್ಕ ಬೇರೆಯೇ ಎನ್ನುವುದು ಆಟದಿಂದ ಆಟಕ್ಕೆ ಬೇರೆ, ಕೇಳಿಕೊಳ್ಳಿ. ಆಟ ಮುಗಿಯುವುದು ಬಹುತೇಕ ನಡುರಾತ್ರಿ ಕಳೆದ ಮೇಲೆ, ಆಗ ಕಾರವಾರದ ಬಸ್ಸು ಎಲ್ಲಿಂದ ಬರಬೇಕು? ಸ್ವಂತ ಗಾಡಿಯಿದ್ದರೂ ಹತ್ತು ತಾಸು ಕೂತ ಕಣ್ಣಲ್ಲಿ ಕಾಣಕೋಣದ ತಿರುವುಗಳು ಬೇಡ. ರೂಮಿನ ಬಾಡಿಗೆಯನ್ನು ಬೈ-ಇನ್ನಿನ ಜೊತೆಗೇ ಕೂಡಿಸಿ ನೋಡಿ.

ಫೈನಲ್ ಟೇಬಲಿನಲ್ಲಿ ಉಳಿದ ಮೂವರು ದುಡ್ಡು ಹಂಚಿಕೊಳ್ಳಲು ಒಪ್ಪಿದರೆ ಅದನ್ನು ಟೂರ್ನಮೆಂಟ್ ಡೈರೆಕ್ಟರ್ ಎದುರೇ ಬರೆಸಿ. ಬಾಯಿಮಾತಿನಲ್ಲಿ ಹಂಚಿದರೆ ಟಿಡಿಎಸ್ ಕಾಗದದಲ್ಲಿ ಮೊದಲ ಬಹುಮಾನದ ಪೂರ್ತಿ ಮೊತ್ತ ಮೊದಲ ಸ್ಥಾನದವನ ಪ್ಯಾನಿಗೇ ಬೀಳುತ್ತದೆ, ಮುಂದಿನ ಜುಲೈನಲ್ಲಿ ಉತ್ತರ ಹೇಳಬೇಕಾದವನೂ ಅವನೇ.